ಬಾಯಿಯಿಂದ ತುಂಬುವ ಬಂದೂಕಿಗೆ ತಕ್ಕ ಮದ್ದಿನ ಕಾಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ತೆನೆಗಟ್ಟುವ ಕಾಲಕ್ಕೆ ರೈತನಿಗೆ ಹಗಲೂ ರಾತ್ರಿಯೂ ಕಾವಲಿನ ಕೆಲಸವಿರುವುದು. ಹಗಲಿನಲ್ಲಿ ಗಿಳಿ ಗುಬ್ಬಿಗಳ ಹಿಂಡು, ರಾತ್ರಿಯಲ್ಲಿ ಕಬ್ಬಿನ ಮರೆಯಿಂದ ಹೊರಬೀಳುವ ಕಾಡುಹಂದಿ. ಇವೆರಡರ ನಡುವೆ ಬೆಳೆಯು ಕಣಕ್ಕೆ ಬರಬೇಕು. ಅಟ್ಟಣಿಗೆ, ಕವಣೆ, ಹಲಗೆಯ ಸಪ್ಪಳ ಇವು ಹಿಂದಿನಿಂದ ಬಂದ ಉಪಾಯಗಳು. ಇವುಗಳೊಡನೆ ಕೆಲವು ಮನೆಗಳಲ್ಲಿ ಪರವಾನಿಗೆಯ ಬಂದೂಕೂ ಉಂಟು. ಅವುಗಳಲ್ಲಿ ಬಾಯಿಯಿಂದ ಮದ್ದು ತುಂಬಿ, ಹಿಂಬದಿಯ ತೊಟ್ಟಿಗೆ ಕೇಪು ಕೂರಿಸಿ ಹಾರಿಸುವ ಹಳೆಯ ಬಗೆಯವೂ ಇವೆ.

ಇಂಥ ಬಂದೂಕನ್ನು ಇಟ್ಟುಕೊಂಡವರು ನಳಿಗೆಯನ್ನೂ ಕೇಪನ್ನೂ ಚರೆಯನ್ನೂ ಕುರಿತು ವಿಚಾರಿಸುವಷ್ಟು ಮದ್ದಿನ ಕಾಳನ್ನು ಕುರಿತು ವಿಚಾರಿಸುವುದಿಲ್ಲ. ಮದ್ದೆಂದರೆ ಎಲ್ಲವೂ ಒಂದೇ ಎಂಬ ಭಾವನೆಯಿಂದ, ಸಿಕ್ಕಿದ್ದನ್ನು ಸಿಕ್ಕಷ್ಟು ಸುರಿಯುವ ರೂಢಿಯು ಅಪಾಯಕರವಾದದ್ದು. ಒಂದೇ ತೂಕದ ಮದ್ದು ಕಾಳಿನ ಗಾತ್ರ ಬದಲಾದ ಮಾತ್ರಕ್ಕೆ ಒಂದು ಬಂದೂಕಿನಲ್ಲಿ ಹಿತವಾಗಿ ನಡೆಯುವುದು. ಇನ್ನೊಂದರಲ್ಲಿ ನಳಿಗೆಯನ್ನೇ ಸೀಳುವುದು. ಸೀಳಿದ ನಳಿಗೆಯಿಂದ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ, ಅನಂತರ ಕಣ್ಣು. ಕೂರಿಗೆಯ ಬಟ್ಟಲಿಗೆ ಬೀಜವನ್ನು ಸುರಿಯುವ ಮುನ್ನ ಅದರ ತಾಳಿನ ತೂತನ್ನು ನೋಡುವ ರೈತನು, ಬಂದೂಕಿಗೆ ಮದ್ದು ಸುರಿಯುವ ಮುನ್ನ ಅದರ ಬಾಯಿಯ ಅಗಲವನ್ನು ನೋಡತಕ್ಕದ್ದು.

1. ಮದ್ದು ಉರಿಯುವ ಬಗೆ

ಬಾಯಿಯಿಂದ ತುಂಬುವ ಬಂದೂಕಿಗೆ ಸಲ್ಲುವುದು ಕರಿಮದ್ದು ಒಂದೇ. ಇದು ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರನ್ನು ಕಾರಖಾನೆಯಲ್ಲಿ ಬೆರೆಸಿ, ಒತ್ತಿ ಗಟ್ಟಿ ಮಾಡಿ, ಮತ್ತೆ ಒಡೆದು, ಜರಡಿ ಹಿಡಿದು ಕಾಳುಗಳಾಗಿ ವಿಂಗಡಿಸಿದ ವಸ್ತು.

ಈ ಮದ್ದಿನ ಪ್ರತಿಯೊಂದು ಕಾಳೂ ಹೊರಮೈಯಿಂದ ಒಳಕ್ಕೆ ಉರಿಯುವುದು. ಆದುದರಿಂದ ಹೊರಮೈ ಎಷ್ಟು ಹೆಚ್ಚೋ ಉರಿಯುವ ವೇಗವೂ ಅಷ್ಟು ಹೆಚ್ಚು. ಒಲೆಯ ಮುಂದೆ ಕುಳಿತವರೆಲ್ಲರಿಗೂ ಇದು ಗೊತ್ತಿದ್ದುದೇ. ಜಾಲಿಯ ದಪ್ಪ ಕೊರಡು ಬಹು ಹೊತ್ತು ನಿಧಾನವಾಗಿ ಉರಿಯುವುದು. ಅದೇ ಕೊರಡನ್ನು ಸಣ್ಣಗೆ ಸೀಳಿ ಇಟ್ಟರೆ ಭುಗ್ಗೆಂದು ಹತ್ತಿ ಬೇಗ ಮುಗಿಯುವುದು. ಕಟ್ಟಿಗೆಯ ತೂಕ ಬದಲಾಗಲಿಲ್ಲ, ಹೊರಮೈ ಮಾತ್ರ ಹೆಚ್ಚಿತು. ಲೆಕ್ಕದಿಂದ ಹೇಳುವುದಾದರೆ, ಎಲ್ಲ ಕಡೆಗೂ ಒಂದಂಗುಲವಿರುವ ಬೆಲ್ಲದ ತುಂಡಿಗೆ ಆರು ಮುಖಗಳು, ಒಟ್ಟು ಆರು ಚದರಂಗುಲ ಹೊರಮೈ. ಅದನ್ನು ಅರ್ಧರ್ಧ ಅಂಗುಲದ ಎಂಟು ತುಂಡುಗಳಾಗಿ ಕೊಯ್ದರೆ ಬೆಲ್ಲ ಅಷ್ಟೇ ಇದ್ದು ಹೊರಮೈ ಹನ್ನೆರಡು ಚದರಂಗುಲವಾಗುವುದು. ಕಾಳಿನ ಗಾತ್ರ ಅರ್ಧವಾದಾಗ ಹೊರಮೈ ಇಮ್ಮಡಿಯಾಯಿತು.

ಬಂದೂಕಿನ ನಳಿಗೆಯಲ್ಲಿಯೂ ಇದೇ ನಡೆಯುವುದು. ಸಣ್ಣ ಕಾಳು ಕ್ಷಣಮಾತ್ರದಲ್ಲಿ ಉರಿದು ಹೊಗೆಯಾಗಿ ಉಬ್ಬುವುದು; ಚರೆಯು ನಳಿಗೆಯಲ್ಲಿ ಮುಂದಕ್ಕೆ ಸರಿಯುವುದರೊಳಗೆ ಬುಡದಲ್ಲಿ ಒತ್ತಡವು ಏರಿಬಿಡುವುದು. ದಪ್ಪ ಕಾಳು ತುಸು ನಿಧಾನವಾಗಿ ಉರಿದು, ಚರೆಯನ್ನು ನಳಿಗೆಯುದ್ದಕ್ಕೂ ನೂಕುತ್ತ ಹೋಗುವುದು. ಭಾರವಾದ ಹೊರೆಯನ್ನು ಎತ್ತು ಹೆಗಲುಗೊಟ್ಟು ಎಳೆಯುವುದಕ್ಕೂ ಒಮ್ಮೆಗೇ ಜಗ್ಗಿ ನೊಗವನ್ನು ಮುರಿಯುವುದಕ್ಕೂ ಇರುವ ಭೇದವೇ ಇಲ್ಲಿಯೂ ಇರುವುದು.

ಈ ತತ್ವವನ್ನು ಫಿರಂಗಿಗಳ ಚರಿತ್ರೆಯಲ್ಲಿಯೂ ಕಾಣಬಹುದು. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ ತೋಪನ್ನು ಈ ಜಿಲ್ಲೆಯ ಬಹುಜನರು ಕಂಡಿರುವರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪಿನ ತೂಕ ಸುಮಾರು 55 ಟನ್ನು; ಬಾಯಿಯ ಅಗಲ ಎರಡು ಅಡಿಗೂ ಮೇಲು. ಅಂಥ ಬಾಯಿಗೂ ಹೆಬ್ಬೆರಳಿನಷ್ಟು ಅಗಲದ ಬಂದೂಕಿನ ಬಾಯಿಗೂ ಒಂದೇ ಮದ್ದು ಹೊಂದಲಾರದೆಂಬುದು ಸ್ಪಷ್ಟ. ಅಮೇರಿಕದ ಸೈನ್ಯಾಧಿಕಾರಿಯಾದ ಥಾಮಸ್ ರಾಡ್ಮನ್ ಎಂಬವನು 1860ರ ಸುಮಾರಿನಲ್ಲಿ, ದೊಡ್ಡ ಫಿರಂಗಿಗಳು ಒಡೆಯದಿರಬೇಕಾದರೆ ಮದ್ದಿನ ಕಾಳನ್ನು ಬಹಳ ದಪ್ಪಗೆ ಮಾಡಬೇಕೆಂದು ಪ್ರಯೋಗಗಳಿಂದ ತೋರಿಸಿಕೊಟ್ಟನು. ಬಾಯಿ ಅಗಲವಾದಷ್ಟೂ ಕಾಳು ದಪ್ಪವಾಗಬೇಕೆಂಬುದು ಅಂದಿನಿಂದ ನಿಶ್ಚಿತವಾದ ನಿಯಮ.

2. ಕಾಳಿನ ನಾಲ್ಕು ತರಗತಿಗಳು

ಬಂದೂಕಿನ ಕರಿಮದ್ದನ್ನು ಜರಡಿಯ ಕಣ್ಣಿಗೆ ತಕ್ಕಂತೆ ನಾಲ್ಕು ತರಗತಿಗಳಾಗಿ ವಿಂಗಡಿಸುವುದು ಪರದೇಶದ ಕಾರಖಾನೆಗಳ ರೂಢಿ. ಡಬ್ಬಿಯ ಮೇಲೆ ಎಫ್ ಎಂಬ ಅಕ್ಷರವನ್ನು ಒಂದರಿಂದ ನಾಲ್ಕು ಸಲ ಅಚ್ಚುಹಾಕಿರುವರು. ಎಫ್‌ಗಳು ಹೆಚ್ಚಿದಷ್ಟೂ ಕಾಳು ಸಣ್ಣದು. ಕೊನೆಗೆ ಬರುವ ಜಿ ಅಕ್ಷರವು ಕಾಳಿಗೆ ಮೆರುಗು ಕೊಟ್ಟಿದೆಯೆಂಬುದರ ಗುರುತು. ಮನೆಯ ಕಾಳುಕಡಿಗಳೊಡನೆ ಹೋಲಿಸಿ ಇವನ್ನು ಹೀಗೆ ತಿಳಿಯಬಹುದು.

ಒಂದು ಎಫ್: ಕಾಳಿನ ಅಗಲ ಸುಮಾರು 1.2ರಿಂದ 1.7 ಮಿಲಿಮೀಟರು, ನೋಟಕ್ಕೆ ಸಾಸಿವೆಯಷ್ಟು. ಬಾಯಿ ಬಹಳ ಅಗಲವಾದ ಹಳೆಯ ಸೈನ್ಯದ ಬಂದೂಕು ಮತ್ತು ದೊಡ್ಡ ಚರೆಬಂದೂಕುಗಳಿಗೆ.

ಎರಡು ಎಫ್: ಸುಮಾರು 0.6ರಿಂದ 1.2 ಮಿಲಿಮೀಟರು, ಗಸಗಸೆಯಷ್ಟು. ಸಾಧಾರಣ ಅಗಲದ ಚರೆಬಂದೂಕುಗಳಿಗೆ.

ಮೂರು ಎಫ್: ಸುಮಾರು 0.3ರಿಂದ 0.85 ಮಿಲಿಮೀಟರು, ಉಪ್ಪಿಟ್ಟಿನ ಸಣ್ಣ ರವೆಯಷ್ಟು. ಬಾಯಿ ಕಿರಿದಾದ, ಒಂಟಿ ಗುಂಡು ಹಾರಿಸುವ ಬಂದೂಕು ಮತ್ತು ಪಿಸ್ತೂಲುಗಳಿಗೆ.

ನಾಲ್ಕು ಎಫ್: ಸುಮಾರು 0.15ರಿಂದ 0.4 ಮಿಲಿಮೀಟರು, ಚಿರೋಟಿ ರವೆಯಷ್ಟು. ಇದು ಚಕಮಕಿ ಕಲ್ಲಿನ ಬಂದೂಕಿನ ಹೊರಗಿನ ಬಟ್ಟಲಿಗೆ ಚಿಟಿಕೆಯಷ್ಟು ಹಾಕುವುದಕ್ಕೆ ಮಾತ್ರ. ನಳಿಗೆಯೊಳಕ್ಕೆ ಇದನ್ನು ಎಂದಿಗೂ ಸುರಿಯಕೂಡದು. ಕೇಪಿನ ಬಂದೂಕುಳ್ಳವನಿಗೆ ಇದರ ಅವಶ್ಯಕತೆಯೇ ಇಲ್ಲ.

ಡಬ್ಬಿಯ ಮೇಲೆ ಈ ಅಕ್ಷರಗಳಿಲ್ಲದಿದ್ದರೆ ಮಾರುವವನಿಂದ ತರಗತಿಯನ್ನು ಕೇಳಿ ತಿಳಿಯಬೇಕು. ಬಿಳಿಯ ಕಾಗದದ ಮೇಲೆ ಚಿಟಿಕೆಯಷ್ಟನ್ನು ಹರವಿ, ಹಗಲು ಬೆಳಕಿನಲ್ಲಿ, ದೀಪ ಬೀಡಿಗಳಿಂದ ದೂರದಲ್ಲಿ, ಮೇಲಿನ ಕಾಳುಗಳೊಡನೆ ಹೋಲಿಸಿ ನೋಡಬೇಕು. ಒಳ್ಳೆಯ ಮದ್ದಿನ ಕಾಳುಗಳು ಬಹುಮಟ್ಟಿಗೆ ಸಮನಾಗಿದ್ದು, ಗಟ್ಟಿಯಾಗಿ, ಕಾಗದಕ್ಕೆ ಮಸಿ ಹತ್ತಿಸದೆ ಜಾರುವುವು. ಕಾಳಿನೊಡನೆ ಪುಡಿ ಬೆರೆತಿದ್ದರೆ ಅಂಥ ಮದ್ದನ್ನು ಕೊಳ್ಳಕೂಡದು. ಪುಡಿಯು ಒಮ್ಮೆ ಬೇಗನೆ ಉರಿದು ಒತ್ತಡವನ್ನು ಏರಿಸುವುದು, ಒಮ್ಮೆ ಗಚ್ಚಿನಂತೆ ಒತ್ತಿಕೊಂಡು ಬೆಂಕಿಯೇ ಹಾಯದಂತೆ ಮಾಡುವುದು. ಎರಡು ಸಲ ಒಂದೇ ರೀತಿಯಾಗಿ ನಡೆಯದ ಮದ್ದನ್ನು ನಂಬುವುದು ಹೇಗೆ?

3. ಬಂದೂಕನ್ನು ನೋಡಿ ಕಾಳನ್ನು ಆರಿಸುವುದು

ಚರೆಬಂದೂಕಿನ ಬಾಯಿಯನ್ನು ‘ಬೋರ್’ ಎಂಬ ಅಂಕೆಯಿಂದ ಹೇಳುವರು. ಒಂದು ಪೌಂಡು ಸೀಸದಿಂದ ಆ ಬಾಯಿಗೆ ಹಿಡಿಸುವ ಗುಂಡುಗಳು ಎಷ್ಟಾಗುವುವೋ ಅದೇ ಬೋರಿನ ಅಂಕೆ. ಆದುದರಿಂದ ಅಂಕೆ ಹೆಚ್ಚಿದಷ್ಟೂ ಬಾಯಿ ಕಿರಿದು. 12 ಬೋರಿನ ಬಾಯಿ ಸುಮಾರು 18.5 ಮಿಲಿಮೀಟರು, 16 ಬೋರಿನದು ಸುಮಾರು 16.8, 20 ಬೋರಿನದು ಸುಮಾರು 15.6.

12, 16 ಮತ್ತು 20 ಬೋರಿನ ಚರೆಬಂದೂಕುಗಳಿಗೆ ಎರಡು ಎಫ್ ಕಾಳು ಸರಿಯಾದದ್ದು. 12 ಬೋರಿಗಿಂತ ಅಗಲವಾದ ಬಾಯಿಗೆ ಒಂದು ಎಫ್ ಕಾಳೇ ಲೇಸು. 12.5 ಮಿಲಿಮೀಟರಿಗಿಂತ ಕಿರಿದಾದ ಬಾಯಿಯ, ಒಂಟಿ ಗುಂಡಿನ ಬಂದೂಕಿಗೆ ಮಾತ್ರ ಮೂರು ಎಫ್ ಕಾಳು ಹೊಂದುವುದು. ಬಾಯಿಯ ಅಗಲದಲ್ಲಿ ಸಂದೇಹ ಬಂದರೆ ಎರಡು ತರಗತಿಗಳಲ್ಲಿ ದಪ್ಪವಾದುದನ್ನು ಆರಿಸತಕ್ಕದ್ದು. ಕಾಳು ಬೇಕಾದುದಕ್ಕಿಂತ ದಪ್ಪವಾದರೆ ಏಟು ತುಸು ಮಂದವಾದೀತು, ಹೊಗೆ ಮಸಿ ಹೆಚ್ಚೀತು. ಸಣ್ಣದಾದರೆ ನಳಿಗೆ ಹೋದೀತು. ಈ ಎರಡು ನಷ್ಟಗಳು ಸಮವಲ್ಲ.

ಮದ್ದಿನ ಪ್ರಮಾಣವನ್ನು ಬಂದೂಕು ಮಾಡಿದವರು ಗೊತ್ತುಪಡಿಸಿರುವರು. ಹಳೆಯ ಬಂದೂಕಿಗೆ ಅಂಥ ಬರಹ ಉಳಿದಿಲ್ಲದಿದ್ದರೆ, ಪರವಾನಿಗೆಯುಳ್ಳ ಬಂದೂಕಿನ ಕಸಬುದಾರನಿಗೆ ನಳಿಗೆಯನ್ನು ತೋರಿಸಿ, ಅದು ಹಾರಿಸಲು ಯೋಗ್ಯವೇ ಎಂಬುದನ್ನೂ ಪ್ರಮಾಣವನ್ನೂ ಕೇಳಿಕೊಳ್ಳಬೇಕು. ಒಳಗೆ ತುಕ್ಕು ಹಿಡಿದು ಕುಳಿಬಿದ್ದ ನಳಿಗೆಗೂ, ಮೈಮೇಲೆ ಉಬ್ಬು ಕಂಡ ನಳಿಗೆಗೂ ತಕ್ಕ ಕಾಳೆಂಬುದೇ ಇಲ್ಲ. ಅಂಥದ್ದನ್ನು ಹಾರಿಸಕೂಡದು.

ಪ್ರಮಾಣವು ಯಾವ ಕಾಳಿಗೆ ಹೇಳಿದ್ದೋ ಆ ಕಾಳಿಗೆ ಮಾತ್ರ ಸಲ್ಲುವುದೆಂಬುದನ್ನು ಮರೆಯಕೂಡದು. ಕಿರಿದಾದ ಬಾಯಿಯ ಬಂದೂಕಿನಲ್ಲಿ ಎರಡು ಎಫ್ ಬಿಟ್ಟು ಮೂರು ಎಫ್ ಬಳಸುವಾಗ ಅಳತೆಯನ್ನು ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿಸುವುದು ಅನುಭವಿಗಳ ಪದ್ಧತಿ. ಎರಡು ತರಗತಿಯ ಕಾಳುಗಳನ್ನು ಬೆರೆಸಿ ಬಳಸುವುದು ಸರ್ವಥಾ ಸಲ್ಲದು.

4. ಒಂದು ದೃಷ್ಟಾಂತ

ನೆರೆಹೊರೆಯ ಇಬ್ಬರು ರೈತರಿರುವರೆಂದು ಎಣಿಸಬಹುದು. ಒಬ್ಬನದು ಅಜ್ಜನ ಕಾಲದ, 19 ಮಿಲಿಮೀಟರು ಬಾಯಿಯ ಬಂದೂಕು. ಇನ್ನೊಬ್ಬನದು 11 ಮಿಲಿಮೀಟರು ಬಾಯಿಯದು. ಎರಡನೆಯವನು ತನ್ನ ಬಂದೂಕಿಗೆ ತಕ್ಕಂತೆ ಮೂರು ಎಫ್ ಕಾಳನ್ನು ತಂದಿಟ್ಟಿರುವನು. ಹಂದಿಗಳು ಹೊಲಕ್ಕಿಳಿದ ರಾತ್ರಿ ಮೊದಲನೆಯವನ ಡಬ್ಬಿ ಬರಿದಾಗಿದೆ. ಅವನು ನೆರೆಯವನ ಡಬ್ಬಿಯನ್ನು ಕೇಳಿ ತಂದು, ತನ್ನ ಎಂದಿನ ಅಳತೆಯಿಂದಲೇ ತುಂಬುವನು. ಬಣ್ಣ ಒಂದೇ, ವಾಸನೆ ಒಂದೇ, ಅಳತೆಯೂ ಅದೇ. ಆದರೆ ಕಾಳು ಅರ್ಧ ಗಾತ್ರದ್ದು. ಮೇಲಿರುವ ಚರೆಯ ಭಾರವೋ ನೆರೆಯವನ ಗುಂಡಿಗಿಂತ ಎಷ್ಟೋ ಪಾಲು ಹೆಚ್ಚು. ಅಜ್ಜನ ಕಾಲದಿಂದ ತಾಳಿಕೊಂಡು ಬಂದ ನಳಿಗೆಯು ಆ ರಾತ್ರಿಯೂ ತಾಳೀತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಇದಲ್ಲದೆ, ಪರವಾನಿಗೆಯ ಮದ್ದನ್ನು ಹೀಗೆ ಕೈಬದಲಾಯಿಸುವುದು ಕಾನೂನಿಗೂ ವಿರುದ್ಧ. ಮದ್ದು ಸಾಲ ತರುವ ವಸ್ತುವಲ್ಲ.

5. ಬಂದೂಕಿಗೆ ಬಳಸಕೂಡದ ಮದ್ದುಗಳು

ಹೊಗೆಯಿಲ್ಲದ ಮದ್ದು: ಇದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬವನು ಬಳಕೆಗೆ ತಂದನು. ಈಗಿನ ತೋಟಾಗಳಲ್ಲಿರುವುದು ಇದೇ. ಬೂದು ಅಥವಾ ಹಸುರು ಬಣ್ಣದ ಚಿಕ್ಕ ಬಿಲ್ಲೆ, ಹೊಟ್ಟು ಅಥವಾ ಕಡ್ಡಿಗಳ ರೂಪದಲ್ಲಿರುವುದು. ಇದರ ಶಕ್ತಿ ಕರಿಮದ್ದಿಗಿಂತ ಬಹು ಹೆಚ್ಚು. ತೋಟಾವನ್ನು ಒಡೆದು ಒಳಗಿನ ಮದ್ದನ್ನು ಹಳೆಯ ಬಂದೂಕಿಗೆ ಸುರಿದರೆ ನಳಿಗೆ ಒಡೆಯುವುದು.

ಕಲ್ಲು ಒಡೆಯುವ ಮದ್ದು: ಬಾವಿ ತೋಡುವಲ್ಲಿ, ಕಲ್ಲಿನ ಗಣಿಯಲ್ಲಿ ಬಳಸುವ ಮದ್ದು ಬಂಡೆಯನ್ನು ಸೀಳುವುದಕ್ಕೆಂದು ಮಾಡಿದ್ದು, ನಳಿಗೆಯನ್ನು ಉಳಿಸುವುದಕ್ಕೆಂದಲ್ಲ. ಅದರ ಕಾಳಿಗೂ ಬಂದೂಕಿನ ಕಾಳಿನ ತರಗತಿಗೂ ಸಂಬಂಧವಿಲ್ಲ.

ಪಟಾಕಿಯ ಮದ್ದು: ಇದರಲ್ಲಿ ಬೇರೆ ರಾಸಾಯನಿಕಗಳು ಬೆರೆತಿರಬಹುದು. ಕೆಲವು ಬಗೆಯವು ಗಜದಿಂದ ಜಡಿಯುವಾಗಲೇ ಸಿಡಿಯಬಲ್ಲವು.

ಮನೆಯಲ್ಲಿ ಮಾಡಿದ ಮದ್ದು: ಪರವಾನಿಗೆಯಿಲ್ಲದೆ ಮದ್ದು ಮಾಡುವುದು 1884ರ ಸ್ಫೋಟಕಗಳ ಕಾಯಿದೆಯ ಪ್ರಕಾರ ಅಪರಾಧ. ಮಾಡುವಾಗಲೇ ಹೊತ್ತಿಕೊಳ್ಳುವ ಭಯ ಒಂದಾದರೆ, ಕಾಳಿನ ಗಾತ್ರವು ಕೈಯಳತೆಗೆ ಬಾರದಿರುವುದು ಇನ್ನೊಂದು.

6. ಕಾಳು ಹೊಂದಿತೇ ಎಂಬುದರ ಪರೀಕ್ಷೆ

ಬಂದೂಕಿನ ಬಾಯಿಯ ಮುಂದೆ ನೆಲದ ಮೇಲೆ ಹಳೆಯ ಬಿಳಿಯ ಧೋತರವನ್ನು ಹಾಸಿ, ಜನ ದನಗಳಿಲ್ಲದ ದಿಕ್ಕಿಗೆ, ಹಿಂದೆ ಮಣ್ಣಿನ ದಿಬ್ಬವಿರುವಲ್ಲಿ ಒಮ್ಮೆ ಹಾರಿಸಿ ನೋಡಬೇಕು. ಬಟ್ಟೆಯ ಮೇಲೆ ಉರಿಯದ ಕಾಳುಗಳು ಬಹಳವಾಗಿ ಬಿದ್ದಿದ್ದರೆ ಕಾಳು ದಪ್ಪವಾಯಿತು ಇಲ್ಲವೇ ಅಳತೆ ಹೆಚ್ಚಾಯಿತು. ಮೊದಲು ಅಳತೆಯನ್ನು ಇಳಿಸಿ ನೋಡಬೇಕೇ ಹೊರತು ಕೂಡಲೇ ಸಣ್ಣ ಕಾಳಿಗೆ ಹೋಗಕೂಡದು. ಬಂದೂಕು ಭುಜಕ್ಕೆ ಜೋರಾಗಿ ಒದೆಯುವುದು, ಕುದುರೆಯು ತಾನೇ ಹಿಂದಕ್ಕೆ ಏಳುವುದು, ಕೇಪು ಚೂರುಚೂರಾಗಿ ಸಿಡಿಯುವುದು, ಇವು ಒತ್ತಡ ಮಿತಿಮೀರಿತೆಂಬುದರ ಗುರುತುಗಳು. ಇವುಗಳಲ್ಲಿ ಒಂದನ್ನು ಕಂಡರೂ ಅಲ್ಲಿಗೆ ನಿಲ್ಲಿಸಿ, ಬಂದೂಕನ್ನು ಕಸಬುದಾರನಿಗೆ ತೋರಿಸತಕ್ಕದ್ದು.

7. ತುಂಬುವಾಗ ನೆನಪಿಡತಕ್ಕ ಸಂಗತಿಗಳು

ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಕೂಡದು. ಒಳಗೆ ಕಿಡಿಯೊಂದು ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುವುದು. ಹಿತ್ತಾಳೆಯ ಅಳತೆಯ ಪಾತ್ರೆಯಿಂದ ಒಂದು ಸಲಕ್ಕೆ ಬೇಕಾದಷ್ಟನ್ನೇ ಹಾಕಬೇಕು. ಆಗ ಮುಖವನ್ನಾಗಲಿ ಎದೆಯನ್ನಾಗಲಿ ಬಾಯಿಯ ಮೇಲೆ ಒಡ್ಡಕೂಡದು.

ಮದ್ದಿನ ಮೇಲಿನ ಬಿರಡೆಯನ್ನು ಗಜದಿಂದ ಮದ್ದಿಗೆ ತಾಗುವವರೆಗೂ ಇಳಿಸಬೇಕು. ಅದರ ಮೇಲೆ ಚರೆ ತುಂಬುವುದಾದರೆ ಅದೂ ನಡುವೆ ಖಾಲಿ ಜಾಗವಿಲ್ಲದಂತೆ ಕೂಡಬೇಕು. ಮದ್ದಿಗೂ ಚರೆಗೂ ನಡುವೆ ಗಾಳಿ ಉಳಿದರೆ ತಕ್ಕ ಕಾಳಾದರೂ ನಳಿಗೆಯನ್ನು ಉಬ್ಬಿಸುವುದು. ಆದರೆ ಗಜದಿಂದ ಕುಟ್ಟಿ ಕಾಳನ್ನು ಪುಡಿ ಮಾಡಕೂಡದು; ಪುಡಿಯಾದರೆ ಆರಿಸಿ ತಂದ ಕಾಳಿನ ಪ್ರಯೋಜನವೇ ಹೋಯಿತು. ಬರಿದಾದ ನಳಿಗೆಗೆ ಒಂದು, ತುಂಬಿದ ನಳಿಗೆಗೆ ಒಂದು, ಹೀಗೆ ಗಜದ ಮೇಲೆ ಎರಡು ಗೆರೆಗಳನ್ನು ಮಾಡಿಟ್ಟರೆ, ತುಂಬಿದುದರ ಮೇಲೆ ಮತ್ತೆ ತುಂಬುವ ತಪ್ಪು ನಡೆಯದು. ಕೇಪನ್ನು ಎಲ್ಲಕ್ಕೂ ಕೊನೆಗೆ ಕೂರಿಸಬೇಕು. ಕೇಪು ಸಿಡಿದೂ ಬಂದೂಕು ಹಾರದಿದ್ದರೆ ಬಾಯಿಯನ್ನು ಅದೇ ದಿಕ್ಕಿಗೆ ಹಿಡಿದು ಎರಡು ನಿಮಿಷವಾದರೂ ಕಾಯಬೇಕು. ಬಗ್ಗಿ ನೋಡಕೂಡದು.

ಹಕ್ಕಿ ಹಂದಿಗಳನ್ನು ಬೆದರಿಸುವುದಕ್ಕೆ ಸಪ್ಪಳವೊಂದೇ ಸಾಕು. ಚರೆಯಿಲ್ಲದೆ, ಕಡಿಮೆ ಅಳತೆಯ ಮದ್ದು ಮತ್ತು ಮೆತ್ತನೆಯ ಬಿರಡೆಯಿಂದ ಹಾರಿಸಬಹುದು. ಆಗಲೂ ಬಿರಡೆ ಕಿಡಿ ಹಿಡಿದು ಹಾರುವುದೆಂಬುದನ್ನು ಮರೆಯದೆ, ಒಣಗಿದ ಜೋಳ, ಕಣಿಕೆಯ ಬಣವೆ, ಕಣ ಇವುಗಳ ಕಡೆಗೆ ಹಾರಿಸಕೂಡದು. ಒಂದು ಹಂದಿಯನ್ನು ಬೆದರಿಸಹೋಗಿ ವರ್ಷದ ಮೇವನ್ನು ಸುಟ್ಟುಕೊಂಡವನಿಗೆ ಲಾಭವೇನು?

8. ಮದ್ದನ್ನು ಇಡುವುದು ಮತ್ತು ನಳಿಗೆಯನ್ನು ತೊಳೆಯುವುದು

ಮದ್ದನ್ನು ಅದು ಬಂದ ಡಬ್ಬಿಯಲ್ಲಿಯೇ, ತರಗತಿಯ ಗುರುತು ಅಳಿಯದಂತೆ, ಒಲೆ, ದೀಪ, ವಿದ್ಯುತ್ತಿನ ಗುಂಡಿಗಳಿಂದ ದೂರ, ಬೀಗದೊಳಗೆ ಇಡಬೇಕು. ಕೇಪುಗಳನ್ನು ಬೇರೆ ಕಡೆಗೆ ಇಡಬೇಕು. ಮಳೆಗಾಲದ ತಂಪಿನಲ್ಲಿ ಮುಚ್ಚಳ ಸಡಿಲವಿದ್ದರೆ ಮದ್ದು ತೇವ ಹಿಡಿದು ಹೆಂಟೆಗಟ್ಟುವುದು. ಅಂಥ ಹೆಂಟೆಯನ್ನು ಒಡೆದು, ಒಣಗಿಸಿ ಬಳಸುವುದು ಎರಡು ಪಟ್ಟು ಕೆಟ್ಟದ್ದು: ಒಡೆಯುವಾಗ ಹೊತ್ತಿಕೊಳ್ಳಬಹುದು, ಒಡೆದ ಮೇಲೆ ಕಾಳು ಯಾವ ತರಗತಿಗೂ ಸೇರದು. ಅದನ್ನು ಬಹಳ ನೀರಿನಲ್ಲಿ ನೆನೆಯಿಸಿ, ದನಕರುಗಳು ಕುಡಿಯದಲ್ಲಿ, ಬಾವಿಯಿಂದ ದೂರ ಚೆಲ್ಲಿಬಿಡಬೇಕು.

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ ಉಳಿಯುವುದು. ಈ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುದು. ಆದುದರಿಂದ ಬಂದೂಕನ್ನು ಹಾರಿಸಿದ ದಿನವೇ, ಬರಿದಾಗಿದೆಯೆಂದು ಖಚಿತಮಾಡಿಕೊಂಡು, ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಇದನ್ನು ಬಿಟ್ಟವನ ನಳಿಗೆ ಒಳಗೆ ಕುಳಿಬಿದ್ದು, ಇಂದು ತಕ್ಕದ್ದಾದ ಕಾಳನ್ನು ಮುಂದೊಂದು ದಿನ ತಾಳಲಾರದೆ ಹೋಗುವುದು.

9. ಕಾನೂನು ಮತ್ತು ಗ್ರಾಮದ ಹಿರಿಯರ ಹೊಣೆ

1959ರ ಆಯುಧಗಳ ಕಾಯಿದೆಯ 13ನೆಯ ಕಲಮು, ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ತುಂಬುವ ಬಂದೂಕಿಗೆ ಪರವಾನಿಗೆ ಕೊಡುವುದನ್ನು ಹೆಸರಿಸಿಯೇ ಹೇಳಿದೆ. ಇಂಥ ಬಂದೂಕು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಚರೆಬಂದೂಕಿಗೂ ಅನುಮತಿ ಕೊಡಬಹುದು. 2019ರ ತಿದ್ದುಪಡಿಯಿಂದ ಪರವಾನಿಗೆಯ ಅವಧಿ ಐದು ವರ್ಷವಾಗಿದೆ. ಮದ್ದನ್ನು ಪರವಾನಿಗೆಯುಳ್ಳ ಅಂಗಡಿಯಿಂದ, ಪರವಾನಿಗೆಯಲ್ಲಿ ಬರೆದ ಪ್ರಮಾಣಕ್ಕೆ ಮೀರದಂತೆ ಕೊಳ್ಳಬೇಕು.

ಬಂದೂಕಿನ ಪರವಾನಿಗೆಯು ಬೇಟೆಯ ಪರವಾನಿಗೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಕೃಷ್ಣಮೃಗ ಮತ್ತು ನವಿಲುಗಳನ್ನು ಬೆಳೆ ತಿಂದುವೆಂಬ ಕಾರಣದಿಂದ ಕೊಲ್ಲುವುದಕ್ಕೆ ಆಸ್ಪದವಿಲ್ಲ. ಕಾಡುಹಂದಿಯ ವಿಷಯದಲ್ಲಿಯೂ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆ ಬೇಕು. ಕಾಡುಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವುದು. ಅದಕ್ಕೆ ತಡಮಾಡದೆ ಅರ್ಜಿ ಸಲ್ಲಿಸುವುದು ಮೇಲು. ಹಿಟ್ಟಿನ ಉಂಡೆಯಲ್ಲಿ ಮದ್ದಿಟ್ಟು ಹೊಲದಲ್ಲಿ ಎಸೆಯುವುದು ಘೋರವಾದ ಅಪರಾಧ. ಅದನ್ನು ಹಂದಿಗಿಂತ ಮೊದಲು ಮನೆಯ ಆಕಳೇ ಬಾಯಿಗೆ ಹಾಕಿಕೊಂಡೀತು, ಮಗುವೇ ಕೈಗೆತ್ತಿಕೊಂಡೀತು.

ಗ್ರಾಮದ ಗೌಡರೂ ಹಿರಿಯರೂ ಹಿಂಗಾರಿ ಜೋಳ ಹೊಡೆ ಹಿರಿಯುವ ಮುನ್ನ ತಮ್ಮ ಊರಿನ ಬಂದೂಕುದಾರರನ್ನು ಕೂಡಿಸಿ, ಪ್ರತಿಯೊಂದು ಬಂದೂಕಿನ ಬಾಯಿಯ ಅಗಲ, ಅದಕ್ಕೆ ತಕ್ಕ ಕಾಳು, ಗೊತ್ತಾದ ಅಳತೆ ಈ ಮೂರನ್ನು ಒಂದು ಚೀಟಿಯಲ್ಲಿ ಬರೆಯಿಸಿ, ಬಂದೂಕಿನ ಹಿಡಿಗೆ ಅಂಟಿಸುವಂತೆ ಮಾಡಿದರೆ ಬಹಳ ಉಪಕಾರವಾಗುವುದು. ರಾತ್ರಿಯ ಗಾಬರಿಯಲ್ಲಿ ನೆನಪು ತಪ್ಪಿದರೂ ಚೀಟಿ ತಪ್ಪದು. ಪರವಾನಿಗೆಯಲ್ಲಿ ಹೆಸರಿಲ್ಲದವರ ಕೈಗೆ, ಮುಖ್ಯವಾಗಿ ಹುಡುಗರ ಕೈಗೆ, ಬಂದೂಕನ್ನಾಗಲಿ ಮದ್ದನ್ನಾಗಲಿ ಕೊಡದಂತೆಯೂ ಅವರು ನೋಡಿಕೊಳ್ಳತಕ್ಕದ್ದು.

ಸಾರಾಂಶ

ಅಗಲವಾದ ಬಾಯಿಗೆ ದಪ್ಪ ಕಾಳು, ಕಿರಿದಾದ ಬಾಯಿಗೆ ಸಣ್ಣ ಕಾಳು. 12ರಿಂದ 20 ಬೋರಿನ ಚರೆಬಂದೂಕಿಗೆ ಎರಡು ಎಫ್. ಸಂದೇಹವಿದ್ದಲ್ಲಿ ದಪ್ಪ ಕಾಳು. ಕಾಳು ಬದಲಾದರೆ ಅಳತೆಯನ್ನು ಹೊಸದಾಗಿ ಗೊತ್ತುಮಾಡಬೇಕು. ಕರಿಮದ್ದಲ್ಲದ ಯಾವ ಮದ್ದನ್ನೂ, ಪುಡಿಯಾದ ಮದ್ದನ್ನೂ, ನೆರೆಯವನ ಮದ್ದನ್ನೂ ನಳಿಗೆಗೆ ಹಾಕಕೂಡದು. ಜೋಳದ ನಾಲ್ಕು ತೆನೆ ಹೋದರೆ ಮುಂದಿನ ವರ್ಷ ಬಂದಾವು. ಹೋದ ಕೈ ಬರುವುದಿಲ್ಲ.